ಆಡದೆ ಬಿಟ್ಟ ಮಾತು

ಮಿದುಳಿನ ಕಾವಲು ಕೋಶಗಳಿಗೆ ಕಸ ತಿನ್ನುವುದು ಗೊತ್ತು. ಯಾವುದು ಕಸ, ಯಾವುದು ನೆನಪು ಎಂಬುದು ಗೊತ್ತಿಲ್ಲ. ಅದಕ್ಕೇ ಮರೆವಿನ ರೋಗಿಗೆ ಆ ಕೋಶಗಳನ್ನು ಎಬ್ಬಿಸುವ ಮದ್ದು ಏರುವಾಗ ಮನೆಯವರು ಪಕ್ಕದಲ್ಲಿ ಕೂತು, ಉಳಿಯಬೇಕಾದ್ದನ್ನೆಲ್ಲ ಆಡಬೇಕು. ಆಡದ್ದು ಕಸದೊಂದಿಗೇ ಹೋಗುತ್ತದೆ.

ನೀಲವ್ವ ಗಂಡ ಸಂಗಪ್ಪನ ಕೈ ಹಿಡಿದು ಮಗ್ಗದ ಮಾತಾಡಿದಳು, ಮದುವೆಯ ಮಾತಾಡಿದಳು, ಮಗಳು ಗಂಗಾಳ ತುಂಟತನದ ಮಾತನ್ನೆಲ್ಲ ಆಡಿದಳು.

"ಇನ್ನೇನರ ಉಳದೈತೇನ್ರಿ?" ನರ್ಸ್ ಕೇಳಿದಳು.

ಗಂಗಾ ಕೆರೆಯಲ್ಲಿ ಮುಳುಗಿದ ದಿನ ಉಳಿದಿತ್ತು.

"ಇಲ್ಲವ್ವಾ," ಎಂದಳು ನೀಲವ್ವ.

ಮನೆಗೆ ಬಂದ ಸಂಗಪ್ಪ ನಗುನಗುತ್ತ ಮಗ್ಗಕ್ಕೆ ಕೂತ. "ಗಂಗಾನ್ನ ಕರಿ, ಕಂಡಿಕಿ ಸುತ್ತಲಿ."

"ಬರ್ತಾಳ," ಎಂದು ನೀಲವ್ವ ತಾನೇ ಕಂಡಿಕೆಯ ಕೊಳವೆಗೆ ನೂಲು ಸುತ್ತತೊಡಗಿದಳು. ಹತ್ತು ವರ್ಷ ಇಬ್ಬರೂ ಕೂಡಿ ಅತ್ತಿದ್ದರು. ಇನ್ನು ಅವಳೊಬ್ಬಳೇ ಅಳಬೇಕಿತ್ತು.