ಅಮ್ಮನ ಸಂಜೆಯ ಮಂಪರು

ಗೇಟಿನ ಚಿಲಕ ತೆಗೆಯುವಾಗಲೇ ಕಿಟಕಿಯಿಂದ ಅತ್ತಿಗೆಯ ಪಿಸುಮಾತು ಕೇಳಿಸಿತು. "ಬಂದ್ಲು." ಹಿಂದೆಯೇ ಲೋಟ ಕೆಳಗಿಟ್ಟ ಸದ್ದು. ನರ್ಸಿಂಗ್ ವಿದ್ಯಾರ್ಥಿನಿ ಚಪ್ಪಲಿ ಬಿಟ್ಟು ಒಳಗೆ ಓಡಿದಳು. ಅಮ್ಮ ಆಗಲೇ ಗಾಢ ನಿದ್ದೆಯಲ್ಲಿದ್ದಳು.

ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಾಗಿನಿಂದ ಅಮ್ಮನಿಗೆ ಸಂಜೆಯಾದರೆ ಇದೇ ಮಂಪರು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಾಳೆಂದು ಅಣ್ಣ ಹೇಳುತ್ತಿದ್ದ. ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಮಾತ್ರ ಮಾತಿಲ್ಲ, ಕತೆಯಿಲ್ಲ. ಮೊದಲೆಲ್ಲ ಅವಳು ಅಡುಗೆಮನೆಯಲ್ಲಿ ನಿಂತು ಅಂದಿನ ಪಾಠ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಅಮ್ಮ ಹೂಂಗುಟ್ಟುತ್ತ, ನಡುನಡುವೆ ಒಣಗಿದ ಬಟ್ಟೆ ತರುತ್ತೇನೆಂದು ಎದ್ದು ಹೋಗುತ್ತ ಓಡಾಡಿಕೊಂಡಿದ್ದಳು. 

ಔಷಧಕ್ಕೂ ವಿಷಕ್ಕೂ ಇರುವ ವ್ಯತ್ಯಾಸ ಪ್ರಮಾಣದ್ದು ಎಂದು ಔಷಧಶಾಸ್ತ್ರದ ಮೊದಲ ಪಾಠದಲ್ಲೇ ಕಲಿತಿದ್ದಳು. ಅತ್ತಿಗೆ ಕೊಡುವ ಹಣ್ಣಿನ ರಸದ ಮೇಲೆ ಗುಮಾನಿ ಬಿತ್ತು. ಉಳಿದಿದ್ದ ರಸವನ್ನು ತಾನೇ ಕುಡಿದಳು. ತೂಕಡಿಕೆ ಕೂಡ ಬರಲಿಲ್ಲ. ಅಮ್ಮನ ತಲೆದೆಸೆಯಲ್ಲಿ ಕೂತು ಇಡೀ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಮುಗಿಸಿದಳು. ಅಮ್ಮ ಮಿಸುಕಲಿಲ್ಲ.

ಅಂದರೆ ರಸವಲ್ಲ. ಬಾಯಿಂದ ಕೊಟ್ಟ ಔಷಧಿ ಹೊಟ್ಟೆ ದಾಟಿ, ಪಿತ್ತಜನಕಾಂಗ ದಾಟಿ, ರಕ್ತ ಸೇರಿ ಮಿದುಳು ಮುಟ್ಟಲು ಹೊತ್ತು ಬೇಕು. ಗೇಟಿನಿಂದ ಕೋಣೆಗೆ ಬರುವುದರೊಳಗೆ ಮಲಗಿಸಬೇಕಾದರೆ ಇಂಜೆಕ್ಷನ್ನೇ ಆಗಬೇಕು. ತೋಳುಗಳ ಮೇಲೆ ಹುಡುಕಿದಳು, ಚುಚ್ಚಿದ ಗುರುತಿಲ್ಲ. ಅಫೀಮಿನ ಜಾತಿಯದಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಬೇಕು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟಳು. ಪಾಪೆ ಸರಿಯಾಗಿಯೇ ಇತ್ತು, ಕಣ್ಣು ಮಾತ್ರ ಅತ್ತ ಹೊರಳಿತು. ನಿಧಾನವಾಗಬೇಕಿದ್ದ ನಾಡಿ ಓಡುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಯಾವುದೋ ವಿಷ ಎಂದು ಅವಳಿಗೆ ಖಾತ್ರಿಯಾಯಿತು. ಬೇಲಿಯೇ ಎದ್ದು ಹೊಲ ಮೇದರೆ ಕಾಯುವವರು ಯಾರು?

ಅಣ್ಣ ಕೆಲಸದಿಂದ ಬಂದ ಕೂಡಲೇ ಅವನನ್ನು ಅಮ್ಮನ ಮಂಚದ ಬಳಿ ನಿಲ್ಲಿಸಿ ಎಲ್ಲ ಹೇಳಿದಳು. ಅತ್ತಿಗೆ ಈ ಮನೆಯಲ್ಲಿದ್ದರೆ ಅಮ್ಮ ಉಳಿಯುವುದಿಲ್ಲ. ಇವತ್ತೇ ತವರಿಗೆ ಕಳಿಸು, ಇಲ್ಲದಿದ್ದರೆ ಪೊಲೀಸರಿಗೆ ತಿಳಿಸುತ್ತೇನೆ ಎಂದಳು. ಅಣ್ಣ ನಂಬಲಿಲ್ಲ. ನಂಬದೆಯೂ ಇರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆಯ ಮುಖ ಕಪ್ಪಿಟ್ಟಿತು.

"ಅಮ್ಮಂಗೆ ಏನು ಕೊಡ್ತಿದ್ದೀಯ?" ಅಣ್ಣ ಕೇಳಿದ.

"ಏನೂ ಕೊಟ್ಟಿಲ್ಲ."

"ಮತ್ತೆ ಇವಳು ಬಂದ ತಕ್ಷಣ ಅಮ್ಮ ಯಾಕೆ ಹೀಗಾಗ್ತಾಳೆ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಯಾರಿಗೆ ಎಂದು ಅಣ್ಣ ಕೇಳಿದ. ಅತ್ತಿಗೆ ಒಳಗೆ ಹೋಗಿ ಬಟ್ಟೆ ತುಂಬಿದ ಬ್ಯಾಗ್ ಹಿಡಿದು ಬಂದಳು. ಕಣ್ಣು ತುಂಬಿತ್ತು. ಅಣ್ಣ ತಡೆಯಲಿಲ್ಲ. ಅವಳು ಹೊಸಿಲು ದಾಟುತ್ತಿದ್ದಂತೆ ವಿದ್ಯಾರ್ಥಿನಿ ಅಮ್ಮನ ಕೈ ಹಿಡಿದು, ಇನ್ನು ಹೆದರಬೇಡ, ಪರೀಕ್ಷೆ ಮುಗಿಯುವವರೆಗೆ ಇಡೀ ದಿನ ನಾನೇ ನಿನ್ನ ಪಕ್ಕ ಕೂತು ಓದಿಕೊಳ್ಳುತ್ತೇನೆ ಎಂದಳು.

ಅಮ್ಮ ದಡಕ್ಕನೆ ಎದ್ದು ಕೂತು ಮಗನಿಗೆ ಹೇಳಿದಳು: "ಮೊದಲು ಅವಳನ್ನ ವಾಪಸ್ ಕರಿಯೋ, ನಂಗೆ ನಿದ್ದೇನೂ ಇಲ್ಲ, ವಿಷಾನೂ ಇಲ್ಲ; ಇವಳು ಪಾಠ ಒಪ್ಪಿಸೋಕೆ ಶುರು ಮಾಡಿದ್ರೆ ಎದ್ದು ಹೋಗೋಕೆ ಕಾಲಿಲ್ವಲ್ಲ, ಅದಕ್ಕೇ ಕಣ್ಣು ಮುಚ್ಕೊಳ್ತಿದ್ದೆ."