ಉರಿ ಅಂದರೆ ಜ್ವರ

ಜ್ವರಕ್ಕೆ ಗುಳಿಗೆ ತರಲು ಊರ ಆಸ್ಪತ್ರೆಗೆ ಹೋದ ವಿಮಲಾಬಾಯಿ ಮೈಗೆ ಹಚ್ಚಿಕೊಳ್ಳುವ ಬಿಳಿ ಔಷಧಿಯ ಬಾಟಲಿ ಹಿಡಿದುಕೊಂಡು ಬಂದಳು. ಸೊಸೆ ಉಮಾದೇವಿ ಹಣೆ ಮುಟ್ಟಿ ನೋಡಿದರೆ ಕೆಂಡ. ಡಾಕ್ಟರಿಗೆ ಏನು ಹೇಳಿದಿರಿ ಎಂದು ಕೇಳಿದಳು.

"ಮೈಯೆಲ್ಲ ಉರಿ ಬಂದಾವ ಅಂದೆ. ಮತ್ತೇನ್ ಹೇಳಬೇಕಿತ್ತು?"

ಚಿಂಚೋಳಿ ಕಡೆ ಉರಿ ಅಂದರೆ ಜ್ವರ. ಉಡುಪಿಯಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಪ್ರಮಿತಾಗೆ, ರೋಗಿಗಳ ಗದ್ದಲದ ನಡುವೆ, ಅದು ಚರ್ಮದ ಉರಿಯಾಗಿ ಕೇಳಿಸಿತ್ತು.

ಉಮಾದೇವಿ ಜಗಳಕ್ಕೆಂದೇ ಹೋದಳು. ಪ್ರಮಿತಾ ವಾದಿಸಲಿಲ್ಲ. ಗುಳಿಗೆ ಕೊಟ್ಟು ಕಳಿಸಿ, ಸಂಜೆ ತಾನೇ ಮನೆಗೆ ಬಂದು ಮುದುಕಿಯ ನಾಡಿ ಹಿಡಿದು ನೋಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಕನ್ನಡದ ಊರು ಅಂತ ಧೈರ್ಯವಾಗಿ ಬಂದೆ. ಈಗ ಯಾರು ಬಾಯಿ ತೆರೆದರೂ ಭಯ ಆಗ್ತದೆ. ಇನ್ನೊಂದು ಸಲ ತಪ್ಪು ಕೇಳಿಸಿಕೊಂಡರೆ ಯಾರದಾದರೂ ಜೀವ ಹೋಗಬಹುದು," ಎಂದಳು.

ಉಮಾದೇವಿ ಚಿಂಚೋಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಎರಡು ಸಾವಿರದ ಒಂಬತ್ತರ ಆ ಬೇಸಿಗೆ ರಜೆಯಲ್ಲಿ ಲ್ಯಾಬಿನ ಬೀಗದ ಕೈ ಕೇಳಿ ಇಸಿದುಕೊಂಡು, ಈ ಸೀಮೆಯ ಜಡ್ಡಿನ, ಅಂದರೆ ಕಾಯಿಲೆಯ, ಮಾತುಗಳಿಗೆ ಒಂದು ವೆಬ್‌ಸೈಟ್ ಮಾಡಲು ಕುಳಿತಳು. ಡಾಕ್ಟರು ರೋಗಿಯ ಎದುರು ಕುಳಿತಲ್ಲೇ ಮೊಬೈಲಿನಲ್ಲಿ ತೆರೆದು ನೋಡುವಂತಿರಬೇಕು. ಮಾತು ಹೇಳುವವಳು ಅತ್ತೆ. ಮೊದಲಿಗೆ ಅವಳಿಗೆ ಸಿಟ್ಟೇ ಬಂತು. ನಮ್ಮ ಮಾತನ್ನು ಊರೂರಿಗೆ ತೋರಿಸಿ ನಗಿಸುತ್ತೀಯಾ ಎಂದು ಗೊಣಗಿದಳು. ಆಮೇಲೆ ಅವಳೇ ರೊಟ್ಟಿ ಬಡಿಯುತ್ತ, ನೆನಪಾದಾಗಲೆಲ್ಲ ಒಳಗಿನಿಂದ ಕೂಗಿ ಹೇಳತೊಡಗಿದಳು. ದಮ್ಮು ಹತ್ತುವುದೆಂದರೆ ಏದುಸಿರು. ಚಕ್ಕರ್ ಎಂದರೆ ತಲೆಸುತ್ತು. ಕಳ್ಳು ಎಂದರೆ ಕರುಳು.

ಮೊದಲು ಮಾಡಿದ ಸೈಟು ಯಾರಾದರೂ ಕೇಳಿದಾಗಲೆಲ್ಲ ಹುಡುಕಾಡಿ ಪುಟ ಕಟ್ಟಿಕೊಡುತ್ತಿತ್ತು. ಬಿಟ್ಟಿ ಸರ್ವರು ಮೇಲಿಂದ ಮೇಲೆ ಮಲಗುತ್ತಿತ್ತು. ಎದ್ದಿದ್ದಾಗಲೂ ಹಳ್ಳಿಯ ಸಿಗ್ನಲ್ಲಿಗೆ ಪುಟ ಬರುತ್ತಿರಲಿಲ್ಲ. ಉಮಾದೇವಿ ಅದನ್ನು ಬಿಟ್ಟು ಬೇರೆ ದಾರಿ ಹುಡುಕಿದಳು. ಅವಳಿಗೆ ಸಿಕ್ಕ ಹೊಸ ಪ್ರೋಗ್ರಾಮಿನ ರೀತಿಯೇ ಬೇರೆ. ಒಂದೊಂದು ಮಾತಿಗೆ ಒಂದೊಂದು ಸಾದಾ ಫೈಲು ಬರೆದಿಡಬೇಕು, ಪುಟ ಹೇಗೆ ಕಾಣಬೇಕೆಂಬುದಕ್ಕೆ ಎಲ್ಲಕ್ಕೂ ಸೇರಿ ಒಂದೇ ಅಚ್ಚು ಮಾಡಿಡಬೇಕು. ಆಜ್ಞೆ ಕೊಟ್ಟರೆ ಪುಟಗಳನ್ನೆಲ್ಲ ಅದು ಮೊದಲೇ ಬೇಯಿಸಿಡುತ್ತದೆ. ಸರ್ವರು ಎತ್ತಿ ಬಡಿಸಿದರೆ ಸಾಕು.

ಹಾಗೆ ಮಾಡಿದ ಸೈಟನ್ನು ಪ್ರಮಿತಾ ಆಸ್ಪತ್ರೆಯ ಕಿಟಕಿಯ ಹತ್ತಿರ ನಿಂತು ತೆರೆದಳು. ಪುಟ ತಟ್ಟನೆ ಬಂತು. ಆದರೆ ಅಕ್ಷರ ಇರಬೇಕಾದಲ್ಲೆಲ್ಲ ಖಾಲಿ ಚೌಕಗಳು. ಆ ಫೋನಿಗೆ ಕನ್ನಡವೇ ಬರುತ್ತಿರಲಿಲ್ಲ. ಉಮಾದೇವಿಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಬರೆಯುವುದೆಂದರೆ ರಜೆಯೇ ಮುಗಿದುಹೋಗುತ್ತದೆ.

ಮರುದಿನ ಚಿಂಚೋಳಿಯ ಬಸ್ಸಿನಲ್ಲಿ ನಿಂತಿದ್ದಾಗ ಅವಳಿಗೆ ಹೊಳೆಯಿತು. ತಿದ್ದಬೇಕಾದದ್ದು ಪುಟಗಳನ್ನಲ್ಲ, ಅಚ್ಚನ್ನು. ಒಂದೊಂದು ಕನ್ನಡ ಅಕ್ಷರಕ್ಕೂ ಸಮನಾದ ಇಂಗ್ಲಿಷ್ ಅಕ್ಷರ ಕೂರಿಸುವ ಕೆಲವು ಸಾಲುಗಳನ್ನು ಬರೆದು ಅಚ್ಚಿಗೆ ಸೇರಿಸಿದಳು. ಎರಡು ಮೂರು ಸಲ ಎಡವಟ್ಟಾಯಿತು, ಒತ್ತಕ್ಷರಗಳು ಕೈಕೊಟ್ಟವು. ಅವನ್ನೂ ಸರಿಮಾಡಿ ಮತ್ತೆ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಫೈಲುಗಳ ಹೆಸರು ಸರಸರನೆ ಏರಿ ನಿಂತವು. ಅಷ್ಟೇ. ಒಂದು ಪುಟವನ್ನೂ ಕೈಯಿಂದ ಮುಟ್ಟದೆ ಇಡೀ ಸೈಟು ಎರಡು ಲಿಪಿಯಲ್ಲಿ ಸಿದ್ಧವಾಗಿತ್ತು. ಖಾಲಿ ಲ್ಯಾಬಿನಲ್ಲಿ ಉಮಾದೇವಿ ಒಬ್ಬಳೇ ಎದ್ದು ನಿಂತು ನಕ್ಕಳು. ಆಮೇಲೆ ಎಲ್ಲವನ್ನೂ ಸರ್ವರಿಗೆ ಏರಿಸಿದಳು.

ಕೆಲವು ದಿನಗಳ ನಂತರ ಬಿ.ಪಿ. ತೋರಿಸಲು ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಾಗ, ಬಳೆ ಮಾರುವ ಅಮೀರ್ಬೀ ಹೊಟ್ಟೆ ಹಿಡಿದುಕೊಂಡು ಬಾಗಿ ಬಾಗಿ ಬಂದಳು.

"ಡಾಕ್ಟರಬಾಯಿ, ಕಳ್ಳು ಕಿತ್ತಿ ಬರಾಕತ್ತಾವ."

ಅರ್ಥ ಹೇಳಲು ಉಮಾದೇವಿ ಎದ್ದಳು. ಪ್ರಮಿತಾ ಕೈಯೆತ್ತಿ ತಡೆದು, ಕಿಟಕಿಗೆ ಸರಿದು ಫೋನು ಒತ್ತಿದಳು. ಓದಿದಳು. ಮರುಕ್ಷಣವೇ ಅಮೀರ್ಬೀಯನ್ನು ಮಂಚದ ಮೇಲೆ ಮಲಗಿಸಿ, "ಯಾವ ಕಡೀಗಿ ನೋಯಿಸ್ತದ್ರಿ?" ಎಂದು ಕೇಳಿದಳು. ಹೊಟ್ಟೆಯ ಕೆಳಗೆ ಬಲಗಡೆ ಬೆರಳಿಟ್ಟು ಒತ್ತಿ ಬಿಟ್ಟಾಗ ಅಮೀರ್ಬೀ ಚೀರಿದಳು. ಪ್ರಮಿತಾ ತಡಮಾಡದೆ ಆಂಬ್ಯುಲೆನ್ಸ್ ಕರೆಸಿ ಗುಲ್ಬರ್ಗಕ್ಕೆ ಕಳಿಸಿದಳು. ಅಪೆಂಡಿಕ್ಸ್ ಒಡೆಯುವ ಮೊದಲೇ ತೆಗೆದರೆಂದು ಸಂಜೆ ಸುದ್ದಿ ಬಂತು. ನಮ್ಮೂರಲ್ಲಿ ಕಳ್ಳು ಅಂದರೆ ಹೆಂಡ, ಈ ಸೈಟು ಇಲ್ಲದಿದ್ದರೆ ಕುಡಿದು ಬಂದಿದ್ದಾಳೆಂದೇ ತಿಳಿಯುತ್ತಿದ್ದೆ ಎಂದು ಪ್ರಮಿತಾ ಉಮಾದೇವಿಯ ಕೈ ಹಿಡಿದುಕೊಂಡು ಹೇಳಿದಳು. ಬಹಳ ಹೊತ್ತು ಆ ಕೈ ಬಿಡಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ವಿಮಲಾಬಾಯಿ ಕಟ್ಟೆಯ ಮೇಲೆ ಕುಳಿತು, ಡಾಕ್ಟರಿಗೆ ಪಾಠ ಹೇಳಿಕೊಟ್ಟದ್ದು ತಾನೇ ಎಂದು, ಫೋನಿನಲ್ಲಿ ಸೇರಿಸಿದ ಒಂದೊಂದು ಮಾತನ್ನೂ ಎಣಿಸಿ, ಹೋಗಿ ಬರುವವರಿಗೆಲ್ಲ ಹೇಳಿದಳು.

ಗುಣವಾಗಿ ಊರಿಗೆ ಮರಳಿದ ಅಮೀರ್ಬೀ ಒಂದು ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹೊಲಿಗೆ ನೋಯುತ್ತಿದೆಯೇ ಎಂದು ಪ್ರಮಿತಾ ಗಾಬರಿಯಿಂದ ಕೇಳಿದಳು.

"ನಂಗೇನೂ ಜಡ್ಡಿಲ್ಲರಿ ಬಾಯಿ," ಎಂದು ಅಮೀರ್ಬೀ ಸ್ಟೂಲಿನ ಮೇಲೆ ಆರಾಮಾಗಿ ಕುಳಿತಳು. "ನಿಮ್ಮ ಫೋನಿನ್ಯಾಗ ಒಂದು ಮಾತು ಕಮ್ಮಿ ಅದ. ಕೊಟ್ಟು ಹೋಗಾಕ ಬಂದೀನಿ."