ಶೆಡ್ಡಿನ ಕೆಂಪು ಕಾರು

ಕೈಯಾರೆ ಒಂದು ಕಾರು ಕಟ್ಟಬೇಕೆಂಬ ಹುಚ್ಚಿಗೆ ಅವನು ಫೈಬರ್ ಬಾಡಿಯೊಂದನ್ನು ತಂದಿಟ್ಟುಕೊಂಡಿದ್ದ. ಅದಕ್ಕೆ ಕೂರಿಸಲು ಹಳೆಯ ಸ್ಪೋರ್ಟ್ಸ್ ಕಾರೊಂದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಬೇಕಿತ್ತು. ಉಳಿದದ್ದೆಲ್ಲ ಗುಜರಿಗೆ.

ಮಾರಾಟಕ್ಕಿದೆ ಎಂದು ಕೇಳಿ ನೋಡಲು ಬಂದಿದ್ದ ಈ ಮನೆಯ ಶೆಡ್ಡಿನ ಕೆಂಪು ಕಾರು ಹೇಳಿ ಮಾಡಿಸಿದಂತಿತ್ತು. ಅವನು ಕಾರಿನ ಅಡಿಗೆ ನುಸುಳಿ ತುಕ್ಕು ಹುಡುಕಿದ, ಸಿಗಲಿಲ್ಲ. ತಂದಿದ್ದ ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕಾರಿನ ಒಡೆಯರು ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಿಚ್ಚುವ ಮಾತು ಎತ್ತಲೇಬಾರದು ಎಂದು ಅವನು ತೀರ್ಮಾನಿಸಿದ. ಗಂಡನ ನೆನಪಿನ ಕಾರನ್ನು ಕತ್ತರಿಸಲು ಯಾವ ಹೆಂಗಸು ಕೊಡುತ್ತಾಳೆ?

"ತಗೊಂಡು ಏನ್ ಮಾಡ್ತೀರಿ?" ಎಂದು ಆಕೆ ಕೇಳಿದರು.

"ಹೀಗೇ ಇಟ್ಕೋತೀನಮ್ಮ. ಒಂದು ನಟ್ಟೂ ಬಿಚ್ಚಲ್ಲ."

"ನಮ್ಮೆಜಮಾನ್ರು ದಿನಾ ಬೆಳಗ್ಗೆ ಎದ್ದು ಇದನ್ನ ಒರೆಸ್ತಿದ್ರು. ಕಾಫಿ ಆಮೇಲೆ."

"ನಾನೂ ಒರೆಸ್ತೀನಿ."

"ಆಯುಧಪೂಜೆಗೆ ನನಗೆ ನೂಲಿನ ಸೀರೆ, ಇದಕ್ಕೆ ರೇಷ್ಮೆ ಶಲ್ಯ."

"ನಾನೂ ರೇಷ್ಮೆನೇ ಹೊದಿಸ್ತೀನಿ. ಕುಂಬಳಕಾಯಿ ಒಡೆದು, ಹಾರ ಹಾಕಿ, ಮನೆಮಗಳ ಥರ ನೋಡ್ಕೋತೀನಿ. ಆಣೆಗೂ."

ಆಕೆ ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. ಆಮೇಲೆ ಅವನ ಕೈಯಿಂದ ಕೀ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಬೇಡ ಬಿಡಿ. ಸಂಜೆ ಇನ್ನೊಬ್ರು ಬರ್ತಾರೆ. ಅವರು ಚೂರು ಚೂರು ಮಾಡ್ತೀನಿ ಅಂತ ಮಾತು ಕೊಟ್ಟಿದ್ದಾರೆ."